ಅಲ್ಟ್ರಾಸೌಂಡ್ ಪವರ್ ಮೀಟರ್: ಫಿಸಿಯೋಥೆರಪಿ ವಿಭಾಗಕ್ಕೆ ಕೊಳ್ಳಬಹುದಾ?

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ನಿಮ್ಮ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಮೂರ್ನಾಲ್ಕು ಅಲ್ಟ್ರಾಸೌಂಡ್ ಥೆರಪಿ ಮಷೀನ್ ಇದ್ದರೆ ಒಂದು ಪವರ್ ಮೀಟರ್ (ಮಷೀನ್‌ನಿಂದ ನಿಜವಾಗಿ ಎಷ್ಟು ವಾಟ್ ಶಬ್ದ ಹೊರಬರುತ್ತಿದೆ ಅಂತ ಅಳೆಯುವ ಸಾಧನ) ಕೊಳ್ಳಿ, ಜಾಸ್ತಿ ಯೋಚನೆ ಬೇಡ. ಒಂದೇ ಮಷೀನ್ ಇಟ್ಟುಕೊಂಡ ಸಣ್ಣ ಕ್ಲಿನಿಕ್ ಆದರೆ ಒಬ್ಬರೇ ಕೊಳ್ಳುವುದು ದುಬಾರಿ. ಊರಿನ ನಾಲ್ಕು ಕ್ಲಿನಿಕ್‌ನವರು ಸೇರಿ ಕೊಳ್ಳಿ, ಇಲ್ಲ ಅಂದರೆ ಮೀಟರ್ ಇರುವ ಆಸ್ಪತ್ರೆಯಲ್ಲಿ ಕೇಳಿ ಅಳೆಸಿಕೊಂಡು ಬನ್ನಿ. ಅಳೆಸದೆ ಮಾತ್ರ ಪೇಷಂಟ್ ಮೇಲೆ ಹೆಡ್ (ಮಷೀನ್‌ನ ಶಬ್ದ ಹೊರಡಿಸುವ ಹಿಡಿಕೆ) ಆಡಿಸುತ್ತಾ ಹೋಗಬೇಡಿ.

ನಾನು ಆಸ್ಪತ್ರೆಯೊಂದರಲ್ಲಿ ಬಯೋಮೆಡಿಕಲ್ ಎಂಜಿನಿಯರ್. ಇಸಿಜಿ, ವೆಂಟಿಲೇಟರ್, ಸಿರಿಂಜ್ ಪಂಪ್ ಎಲ್ಲಕ್ಕೂ ನಮ್ಮಲ್ಲಿ ಟೆಸ್ಟರ್ ಇತ್ತು. ಥೆರಪಿ ಅಲ್ಟ್ರಾಸೌಂಡ್‌ಗೆ ಇರಲಿಲ್ಲ. ಎಷ್ಟೋ ಕಡೆ ಈಗಲೂ ಇಲ್ಲ. ಹೆಡ್ ಮೇಲ್ಮುಖ ಮಾಡಿ ಎರಡು ಹನಿ ನೀರು ಹಾಕಿ, ನೀರು ಕುಣಿದರೆ ಅಥವಾ ಮಂಜಿನ ಹಾಗೆ ಹಾರಿದರೆ ಮಷೀನ್ ಸರಿ ಇದೆ ಅಂತ ಸಹಿ ಹಾಕುತ್ತಾರೆ. ಆ ಹನಿಯಿಂದ ಏನೋ ಹೊರಗೆ ಬರುತ್ತಿದೆ ಅನ್ನುವುದಷ್ಟೇ ಗೊತ್ತಾಗುತ್ತದೆ. ಎಷ್ಟು ಬರುತ್ತಿದೆ ಅಂತ ಹೇಗೆ ಗೊತ್ತಾಗಬೇಕು?

ಮಾರುಕಟ್ಟೆಯಲ್ಲಿ ಓಮಿಕ್ ಇನ್‌ಸ್ಟ್ರುಮೆಂಟ್ಸ್, ಫ್ಲೂಕ್ ಬಯೋಮೆಡಿಕಲ್ ತರಹದ ಹೆಸರುಗಳು ಈ ಕೆಲಸದವರಿಗೆ ಗೊತ್ತಿರುವಂಥವು. ನಾವು ಬಳಸುತ್ತಿರುವ ಮೀಟರ್‌ನ ಹೆಸರು ನಾನಿಲ್ಲಿ ಹಾಕುವುದಿಲ್ಲ. ಒಂದು ಕಾರಣ, ಮಾರಿದವರ ಬಗ್ಗೆ ನನಗೆ ಒಂದು ದೊಡ್ಡ ಬೇಸರ ಇದೆ, ಅದನ್ನು ಮುಂದೆ ಬರೆಯುತ್ತೇನೆ. ಇನ್ನೊಂದು ಕಾರಣ, ಇಲ್ಲಿ ಬರೆಯುವುದರಲ್ಲಿ ಬಹುಪಾಲು ಈ ಜಾತಿಯ ಎಲ್ಲ ಮೀಟರ್‌ಗೂ ಒಂದೇ.

ಸಾಮಾನು ನೋಡಲು ಸರಳ. ಒಂದು ಪೆಟ್ಟಿಗೆ, ಮೇಲೆ ನೀರು ತುಂಬುವ ಬಟ್ಟಲು, ನೀರೊಳಗೆ ಮೊನೆ ಮೇಲಕ್ಕಿರುವ ಲೋಹದ ಶಂಕು, ಬಟ್ಟಲಿನ ಒಳಗೋಡೆಗೆ ಕಪ್ಪು ರಬ್ಬರ್ ಪದರ. ಮೇಲಿನಿಂದ ಅಲ್ಟ್ರಾಸೌಂಡ್ ಹೆಡ್ಡನ್ನು ನೀರಿಗೆ ಮುಟ್ಟಿಸಿ ಹಿಡಿಯಲು ಒಂದು ಕ್ಲ್ಯಾಂಪ್. ಹೆಡ್‌ನಿಂದ ಹೊರಟ ಶಬ್ದ ನೀರಲ್ಲಿ ಇಳಿದು ಶಂಕುವಿಗೆ ಬಡಿದು, ಪಕ್ಕಕ್ಕೆ ತಿರುಗಿ, ರಬ್ಬರ್‌ನಲ್ಲಿ ಇಂಗಿಹೋಗುತ್ತದೆ. ಬಡಿದಾಗ ಶಂಕುವನ್ನು ಕೆಳಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಕೆಳಗಿರುವ ತಕ್ಕಡಿ ತೂಗುತ್ತದೆ. ಅಷ್ಟೇ, ಇಡೀ ಮೀಟರ್ ಅಂದರೆ ನೀರಲ್ಲಿ ಮುಳುಗಿದ ಸೂಕ್ಷ್ಮ ತಕ್ಕಡಿ.

ಶಬ್ದಕ್ಕೆ ತೂಕ ಹಾಕುವ ಈ ಉಪಾಯ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಲೆಕ್ಕವೂ ಚೊಕ್ಕ. ಹೊರಬರುವ ಪವರ್ ಅನ್ನು ನೀರಲ್ಲಿ ಶಬ್ದದ ವೇಗದಿಂದ ಭಾಗಿಸಿದರೆ ತಳ್ಳುವ ಬಲ ಸಿಗುತ್ತದೆ. ಶಂಕುವಿನ ಇಳಿಜಾರು 45 ಡಿಗ್ರಿ ಇದ್ದರೆ ಈ ಲೆಕ್ಕ ಹಾಗೆಯೇ ಕೂರುತ್ತದೆ, ಶಬ್ದವನ್ನು ಪೂರ್ತಿ ಹೀರುವ ರಬ್ಬರ್ ಗುರಿ ಇಟ್ಟರೂ ಹಾಗೆಯೇ. ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,490 ಮೀಟರ್. ಹಾಗಾಗಿ 1 ವಾಟ್‌ಗೆ ಬರುವ ಬಲ ಸುಮಾರು 68 ಮಿಲಿಗ್ರಾಂ ತೂಕದಷ್ಟು, ಅಂದರೆ ನಾಲ್ಕೈದು ಸೋನಾ ಮಸೂರಿ ಅಕ್ಕಿ ಕಾಳು. ಇಷ್ಟು ಸಣ್ಣ ಬಲವನ್ನು ನಂಬುವ ಹಾಗೆ ಅಳೆಯುವುದೇ ಈ ಮೀಟರ್‌ನ ಕೆಲಸ. ಅದು ಯಾಕೆ ಅಷ್ಟು ನಾಜೂಕು ಅನ್ನುವುದೂ ಇಲ್ಲೇ ಇದೆ.

ಮಷೀನ್‌ನ ಪ್ಯಾನೆಲ್ ಮೇಲೆ 1.0 ವಾಟ್ ಪ್ರತಿ ಚದರ ಸೆಂಟಿಮೀಟರ್ ಅಂತ ಬರುತ್ತದಲ್ಲ, ಮತ್ತೆ ಅಳೆಯುವುದು ಯಾಕೆ ಅಂತ ನಮ್ಮ ಅಕೌಂಟ್ಸ್‌ನವರೇ ಕೇಳಿದ್ದರು. ಕೇಳಲೇಬೇಕಾದ ಪ್ರಶ್ನೆ. ಆ ಪ್ಯಾನೆಲ್ ಶಬ್ದವನ್ನು ಅಳೆಯುವುದಿಲ್ಲ. ಒಳಗಿನ ಸರ್ಕ್ಯೂಟ್ ಹೆಡ್‌ನಲ್ಲಿ ಕಂಪಿಸಿ ಶಬ್ದ ಹುಟ್ಟಿಸುವ ಕ್ರಿಸ್ಟಲ್‌ಗೆ ಇಷ್ಟು ವೋಲ್ಟೇಜ್ ಕೊಟ್ಟರೆ ಇಷ್ಟು ಶಬ್ದ ಬರಬೇಕು ಅಂತ ಫ್ಯಾಕ್ಟರಿಯಲ್ಲಿ ಒಂದು ದಿನ ಹೊಂದಿಸಿಟ್ಟಿದ್ದಾರೆ, ಅದನ್ನೇ ತೋರಿಸುತ್ತಿರುತ್ತದೆ. ಆಮೇಲೆ ಕ್ರಿಸ್ಟಲ್ ಅಂಟಿಸಿದ ಅಂಟು ಬಿಡಬಹುದು, ಹೆಡ್ ಕೆಳಗೆ ಬಿದ್ದು ಒಳಗೆ ಸಣ್ಣ ಬಿರುಕು ಬರಬಹುದು, ಸೀಲ್ ಹೋಗಿ ಜೆಲ್ ಒಳಗಿಳಿಯಬಹುದು, ಕೇಬಲ್ ಬುಡದಲ್ಲಿ ಅರ್ಧ ತುಂಡಾಗಿರಬಹುದು, ಒಂದು ಮಷೀನ್‌ನ ಹೆಡ್ಡನ್ನು ಇನ್ನೊಂದಕ್ಕೆ ಸಿಕ್ಕಿಸಿರಬಹುದು. ಪ್ಯಾನೆಲ್ ಮಾತ್ರ ಮೊದಲಿನ ಹಾಗೇ 1.0 ಅನ್ನುತ್ತಿರುತ್ತದೆ. ಪೇಷಂಟ್‌ಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಸರಿಯಾದ ಡೋಸ್‌ನಲ್ಲೂ ಅವರಿಗೆ ಸ್ವಲ್ಪ ಬೆಚ್ಚಗೆ ಅನ್ನಿಸಬಹುದು ಅಷ್ಟೇ. ಹೆಚ್ಚು ಬರುತ್ತಿದ್ದರೆ ಮೂಳೆಯ ಹತ್ತಿರ ಚುಚ್ಚಿದ ಹಾಗೆ ನೋವು ಬರುತ್ತದೆ. ಕಡಿಮೆ ಬರುತ್ತಿದ್ದರೆ ಯಾರೂ ದೂರುವುದಿಲ್ಲ. ಪೇಷಂಟ್ ಹತ್ತು ಸಿಟ್ಟಿಂಗ್ ದುಡ್ಡು ಕೊಟ್ಟು, ಗುಣ ಕಾಣದೆ, ಸುಮ್ನೆ ಬರುವುದನ್ನು ನಿಲ್ಲಿಸುತ್ತಾರೆ.

ವಿದ್ಯುತ್ ಉಪಕರಣಗಳಿಗೆ ಅಂತರರಾಷ್ಟ್ರೀಯ ಮಾನದಂಡ ಬರೆಯುವ ಐಇಸಿ ಸಂಸ್ಥೆಯ ಪ್ರಕಾರ ತೋರಿಸುವುದಕ್ಕೂ ಬರುವುದಕ್ಕೂ 20 ಶೇಕಡಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಔಷಧ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಅಮೆರಿಕದ ಎಫ್‌ಡಿಎ 1979ರಿಂದಲೇ ಥೆರಪಿ ಮಷೀನ್‌ಗಳಿಗೆ ಇದೇ 20 ಶೇಕಡದ ನಿಯಮ ಇಟ್ಟಿದೆ. ಇದು ಕಷ್ಟದ ಗುರಿಯೇನೂ ಅಲ್ಲ. ಆದರೂ ಸ್ಕಾಟ್ಲೆಂಡ್‌ನ ಲೋಥಿಯನ್ ಪ್ರದೇಶದಲ್ಲಿ 1992ರಲ್ಲಿ ಆಸ್ಪತ್ರೆ ಮಷೀನ್‌ಗಳನ್ನು ಸಾಲಾಗಿ ಅಳೆದಾಗ, ಬಹುಪಾಲು ಮಷೀನ್‌ಗಳು 30 ಶೇಕಡಕ್ಕಿಂತ ಜಾಸ್ತಿ ಆಚೀಚೆ ಇದ್ದವು. ಪರೀಕ್ಷೆ ಅಭ್ಯಾಸ ಇರುವ ದೇಶದ ಕಥೆಯೇ ಹೀಗೆ. ನಮ್ಮಲ್ಲಿ ಸ್ಕ್ಯಾನಿಂಗ್ ಮಷೀನ್ ಅಂದರೆ ಪಿಸಿಪಿಎನ್‌ಡಿಟಿ ಕಾಯ್ದೆ, ರಿಜಿಸ್ಟ್ರೇಷನ್, ತಪಾಸಣೆ ಅಂತ ಎಲ್ಲರೂ ಎಚ್ಚರ ಇರುತ್ತಾರೆ. ಆ ಕಾಯ್ದೆ ಇರುವುದು ಭ್ರೂಣಲಿಂಗ ಪತ್ತೆ ತಡೆಯಲು, ಹೊರಬರುವ ಶಬ್ದದ ಪ್ರಮಾಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಥೆರಪಿ ಮಷೀನ್ ಮೂಲೆಯಲ್ಲಿ ಟ್ರಾಲಿ ಮೇಲೆ ಕೂತಿರುತ್ತದೆ, ಅದನ್ನು ಕೇಳುವವರೇ ಇಲ್ಲ.

ಮೀಟರ್ ಬಂದ ಮೇಲೆ ನಮ್ಮಲ್ಲಿ ಏನಾಯಿತು ಅಂತ ಹೇಳುತ್ತೇನೆ. ಹಳೆಯ ಮಷೀನ್ ಒಂದು. ಹೆಡ್ ಮೇಲೆ 5 ಚದರ ಸೆಂ.ಮೀ. ಅಂತ ಬರೆದಿದೆ. 1 ಮೆಗಾಹರ್ಟ್ಸ್, ಕಂಟಿನ್ಯೂಯಸ್ (ಬಿಡದೆ ಶಬ್ದ ಬರುವ) ಮೋಡ್, ಪ್ಯಾನೆಲ್‌ನಲ್ಲಿ 1.0 ಇಟ್ಟೆವು. ಲೆಕ್ಕದ ಪ್ರಕಾರ 5 ವಾಟ್ ಬರಬೇಕು. ಮೀಟರ್ 2.8ರಲ್ಲಿ ನಿಂತಿತು. ನೀರು ಬದಲಾಯಿಸಿದೆವು, ಹೆಡ್ ಒರೆಸಿ ಮತ್ತೆ ಕೂರಿಸಿದೆವು, ಮತ್ತೆ 2.8. ಪಕ್ಕದ ಇನ್ನೊಂದು ಮಷೀನ್ 3 ಮೆಗಾಹರ್ಟ್ಸ್‌ನಲ್ಲಿ ಅದೇ 5 ವಾಟ್ ಜಾಗದಲ್ಲಿ 6.9 ತೋರಿಸಿತು. ಫಿಸಿಯೋ ಮೇಡಂ ಜೊತೆಗೇ ನಿಂತಿದ್ದರು. "ಹಾಗಾದರೆ ಇಷ್ಟು ದಿನ ನಾನು ಬರೆದ ಡೋಸ್ ಯಾವುದು ಸರ್?" ಅಂದರು. ಅವರು ಪ್ರತಿ ಪೇಷಂಟ್‌ನ ಫೈಲ್‌ನಲ್ಲಿ ಫ್ರೀಕ್ವೆನ್ಸಿ, ಇಂಟೆನ್ಸಿಟಿ, ನಿಮಿಷ ಎಲ್ಲ ತಪ್ಪದೆ ಬರೆಯುವವರು. ಒಂದೇ ಭುಜದ ನೋವಿಗೆ ಸೋಮವಾರ ಈ ಮಷೀನ್, ಬುಧವಾರ ಆ ಮಷೀನ್ ಬಳಸಿದರೆ ಫೈಲ್‌ನಲ್ಲಿ ಒಂದೇ ಡೋಸ್, ಭುಜಕ್ಕೆ ಎರಡೂವರೆ ಪಟ್ಟು ವ್ಯತ್ಯಾಸ. ಈ ಒಂದು ಮಧ್ಯಾಹ್ನಕ್ಕೇ ಮೀಟರ್‌ನ ದುಡ್ಡು ವಸೂಲಾಯಿತು ಅಂತ ನಾನು ಅಂದುಕೊಳ್ಳುತ್ತೇನೆ.

ಈಗ ನೀರಿನ ವಿಷಯ. ಈ ಮೀಟರ್ ಬಗ್ಗೆ ಎಲ್ಲರೂ ಮೊದಲು ತಿಳಿಯಬೇಕಾದದ್ದು ಇದೇ. ಕಂಪನಿಯ ಬುಕ್‌ಲೆಟ್‌ನಲ್ಲಿ ಒಂದೇ ಸಾಲಲ್ಲಿ ಮುಗಿಸಿರುತ್ತಾರೆ: ಗ್ಯಾಸ್ ತೆಗೆದ ನೀರು ಬಳಸಿ. ಆ ಒಂದು ಸಾಲಲ್ಲಿ ಅರ್ಧ ಕೆಲಸ ಅಡಗಿದೆ.

ನಲ್ಲಿ ನೀರಲ್ಲಿ ಗಾಳಿ ಕರಗಿರುತ್ತದೆ. ಬಾಟಲಿಯ ಡಿಸ್ಟಿಲ್ಡ್ ನೀರಲ್ಲೂ ಇರುತ್ತದೆ, ಆರ್‌ಒ ನೀರಲ್ಲೂ ಇರುತ್ತದೆ. ಲವಣ ತೆಗೆದರೆ ಗಾಳಿ ಹೋಗುವುದಿಲ್ಲ. ಅಲ್ಟ್ರಾಸೌಂಡ್ ಹಾಯುವಾಗ ಈ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ಹೊರಗೆ ಬರುತ್ತದೆ. ಗಾಳಿ ಮತ್ತು ನೀರು ಸೇರುವ ಕಡೆ ಶಬ್ದ ದಾಟುವುದೇ ಇಲ್ಲ, 99.9 ಶೇಕಡಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ. ಪೇಷಂಟ್‌ಗೆ ಜೆಲ್ ಹಚ್ಚುವುದೂ ಇದೇ ಕಾರಣಕ್ಕೆ ಅಲ್ವಾ? ಹೆಡ್‌ನ ಮುಖದ ಮೇಲೆ, ಶಂಕುವಿನ ಮೇಲೆ ಗುಳ್ಳೆ ಕೂತರೆ ರೀಡಿಂಗ್ ಇಳಿಯುತ್ತದೆ, ಜೊತೆಗೆ ಗುಳ್ಳೆ ಶಂಕುವನ್ನು ಮೇಲಕ್ಕೆ ಎತ್ತುವುದರಿಂದ ಸೊನ್ನೆಯೂ ಜಾರುತ್ತದೆ. ಹೆಡ್ ತೆಗೆದು ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಶಂಕುವಿನ ಇಳಿಜಾರಿನ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಬಣ್ಣದ ಚುಕ್ಕಿಗಳು ಸಾಲಾಗಿ ಕೂತಿರುತ್ತವೆ, ಕಣ್ಣಿಗೆ ಚೆಂದ. ಅವನ್ನು ಮೆತ್ತನೆಯ ಪೇಂಟ್ ಬ್ರಷ್‌ನಿಂದ ಒಂದೊಂದಾಗಿ ಸವರಿ ಮೇಲಕ್ಕೆ ಬಿಡಬೇಕು. ಆಮೇಲೆ ಅಳೆದರೆ ರೀಡಿಂಗ್ ಏರಿ ನಿಲ್ಲುತ್ತದೆ.

ಗ್ಯಾಸ್ ತೆಗೆಯಲು ನಾವು ಮಾಡುವುದು ಹೀಗೆ. ಡಿಸ್ಟಿಲ್ಡ್ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಅರ್ಧ ಗಂಟೆಯಷ್ಟು ಚೆನ್ನಾಗಿ ಕುದಿಸಿ, ಬಿಸಿಯಿರುವಾಗಲೇ ಶಾಖ ತಡೆಯುವ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿ ಮುಚ್ಚಳ ಬಿಗಿದು, ರಾತ್ರಿಯೆಲ್ಲ ತಣ್ಣಗಾಗಲು ಬಿಡುತ್ತೇವೆ. ಮಧ್ಯೆ ಗಾಳಿಗೆ ಜಾಗ ಬಿಡಬಾರದು. ಬೆಳಿಗ್ಗೆ ಬಟ್ಟಲಿಗೆ ಸುರಿಯುವಾಗ ಮೇಲಿಂದ ಧಾರೆ ಬಿಡಬಾರದು, ಗೋಡೆಗೆ ತಾಗಿಸಿ ನಿಧಾನ ಇಳಿಸಬೇಕು, ಇಲ್ಲದಿದ್ದರೆ ರಾತ್ರಿಯ ಕೆಲಸ ಎಲ್ಲ ವ್ಯರ್ಥ. ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಕಡಿಮೆ ಇರಬೇಕು ಅನ್ನುವುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ. ಆಸ್ಪತ್ರೆಯ ನೀರು ಪರೀಕ್ಷೆ ಮಾಡುವವರ ಹತ್ತಿರ ಆಕ್ಸಿಜನ್ ಮೀಟರ್ ಇದ್ದರೆ ಕೇಳಿ ನೋಡಿ. ಬಟ್ಟಲಲ್ಲಿ ತೆರೆದಿಟ್ಟ ನೀರು ಮತ್ತೆ ಗಾಳಿ ಹೀರುತ್ತದೆ, ಹಾಗಾಗಿ ಬೆಳಿಗ್ಗೆ ಸುರಿದ ನೀರಲ್ಲೇ ಸಂಜೆವರೆಗೆ ಅಳೆಯಬೇಡಿ. ಇದು ತಲೆನೋವು ಹೌದು. ಇದನ್ನು ಬಿಟ್ಟು ಅಳೆದ ರೀಡಿಂಗ್‌ಗೆ ಬೆಲೆ ಇಲ್ಲ, ಅದೂ ಹೌದು.

ಟೇಬಲ್ ಗಟ್ಟಿಯಾಗಿರಲಿ. 68 ಮಿಲಿಗ್ರಾಂ ತೂಗುವಾಗ ಫ್ಯಾನ್ ಗಾಳಿ ಬಟ್ಟಲ ನೀರನ್ನು ಅಲುಗಿಸಿದರೂ ಅಂಕಿ ಕುಣಿಯುತ್ತದೆ, ಪಕ್ಕದ ಕಾರಿಡಾರ್‌ನಲ್ಲಿ ಸ್ಟ್ರೆಚರ್ ಹೋದರೂ ಕುಣಿಯುತ್ತದೆ. ನಾವು ಫ್ಯಾನ್ ಆರಿಸಿ, ಎಸಿ ಗಾಳಿ ಮೇಲೆ ಬೀಳದ ಹಾಗೆ ರಟ್ಟು ನಿಲ್ಲಿಸಿ ಅಳೆಯುತ್ತೇವೆ. ಹೆಡ್‌ನ ಮುಖ ನೀರಿನ ಮಟ್ಟಕ್ಕೆ ಸಮಾನಾಂತರವಾಗಿ, ಶಂಕುವಿನ ನೆತ್ತಿಗೆ ನೇರವಾಗಿ ಇರಬೇಕು. ಓರೆಯಾದರೆ ಶಬ್ದದ ಒಂದು ಪಾಲು ಶಂಕುವನ್ನು ತಪ್ಪಿಸಿ ಹೋಗುತ್ತದೆ. ಹೆಡ್ ನೀರು ಮುಟ್ಟಿದ ಮೇಲೆಯೇ ಮಷೀನ್ ಆನ್ ಮಾಡಿ, ಗಾಳಿಯಲ್ಲಿ ಹೆಡ್ ಓಡಿಸಿದರೆ ಶಕ್ತಿಗೆ ಹೊರಗೆ ಹೋಗಲು ದಾರಿ ಇಲ್ಲದೆ ಕ್ರಿಸ್ಟಲ್ ಬಿಸಿಯಾಗಿ ಹಾಳಾಗುತ್ತದೆ.

ಇನ್ನೊಂದು ವಿಷಯ, ಇದನ್ನು ನಾನು ಬಳಸುತ್ತಾ ಕಲಿತೆ. ಆನ್ ಮಾಡಿದ ಮೇಲೆ ಹೆಡ್ ನೀರನ್ನು ಬಿಸಿ ಮಾಡುತ್ತದೆ, ನೀರಲ್ಲಿ ಸಣ್ಣ ಹರಿವು ಶುರುವಾಗುತ್ತದೆ, ರೀಡಿಂಗ್ ಮೆಲ್ಲಗೆ ಸರಿಯತೊಡಗುತ್ತದೆ. ಬಹಳ ಹೊತ್ತು ನೋಡುತ್ತಾ ಕೂತರೆ ಯಾವ ಅಂಕಿ ಬರೆಯಬೇಕು ಅಂತಲೇ ತಿಳಿಯುವುದಿಲ್ಲ. ಆನ್ ಮಾಡಿದ ಕೂಡಲೇ ಆಗುವ ಜಿಗಿತ, ಆಫ್ ಮಾಡಿದ ಕೂಡಲೇ ಆಗುವ ಇಳಿತ, ಈ ಎರಡನ್ನು ನೋಡಿ. ಎರಡೂ ಹೊಂದಿದರೆ ಅದೇ ಪವರ್. ನೀರಿನ ಉಷ್ಣತೆ ಬರೆದಿಟ್ಟುಕೊಳ್ಳಿ, ಆದರೆ ಅದಕ್ಕೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. 20 ಡಿಗ್ರಿಯಿಂದ 30 ಡಿಗ್ರಿಗೆ ಹೋದರೆ ಶಬ್ದದ ವೇಗ ಬದಲಾಗುವುದು 2 ಶೇಕಡಕ್ಕಿಂತ ಕಡಿಮೆ. ಗುಳ್ಳೆ ಮಾಡುವ ಹಾನಿಯ ಮುಂದೆ ಇದು ಏನೂ ಅಲ್ಲ.

ಶಬ್ದ ಬಿಟ್ಟು ಬಿಟ್ಟು ಬರುವ ಪಲ್ಸ್ ಮೋಡ್ ಅಳೆಯುವಾಗ ಗಮನ ಇರಲಿ. ಮೀಟರ್ ತೋರಿಸುವುದು ಸರಾಸರಿ ಪವರ್. 5 ಚದರ ಸೆಂ.ಮೀ. ಹೆಡ್, ಪ್ಯಾನೆಲ್‌ನಲ್ಲಿ 1.0, 20 ಶೇಕಡ ಡ್ಯೂಟಿ (ಸಮಯದ 20 ಶೇಕಡ ಮಾತ್ರ ಶಬ್ದ) ಇಟ್ಟರೆ ಮೀಟರ್‌ನಲ್ಲಿ 5ರ ಬದಲು 1 ವಾಟ್ ಬರಬೇಕು. ಬಂದರೆ ಮಷೀನ್ ಸರಿ ಇದೆ. ಕೆಲವು ಮಷೀನ್‌ಗಳು ಪಲ್ಸ್ ನಡೆಯುವಾಗಿನ ಇಂಟೆನ್ಸಿಟಿ ತೋರಿಸುತ್ತವೆ, ಕೆಲವು ಸರಾಸರಿಯನ್ನೇ ತೋರಿಸುತ್ತವೆ. ನಿಮ್ಮ ಮಷೀನ್ ಯಾವ ಬಗೆಯದು ಅಂತ ಈ ಒಂದು ರೀಡಿಂಗ್‌ನಿಂದಲೇ ಗೊತ್ತಾಗುತ್ತದೆ, ಮ್ಯಾನುಯಲ್ ಕಳೆದುಹೋದ ಮಷೀನ್‌ಗಳಿಗೆ ಇದು ದೊಡ್ಡ ಉಪಕಾರ.

ಇಷ್ಟೆಲ್ಲ ಹೊಗಳಿದ ಮೇಲೆ ಈ ಮೀಟರ್‌ನಿಂದ ಏನು ಆಗುವುದಿಲ್ಲ ಅನ್ನುವುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಇದು ಇಂಟೆನ್ಸಿಟಿ ಅಳೆಯುವುದಿಲ್ಲ. ಒಟ್ಟು ಎಷ್ಟು ವಾಟ್ ಹೊರಬಂತು ಅಂತ ಮಾತ್ರ ಹೇಳುತ್ತದೆ. ಅದು ಎಷ್ಟು ಜಾಗದಲ್ಲಿ ಹರಡಿದೆ ಅನ್ನುವುದು ಇದಕ್ಕೆ ಕಾಣುವುದಿಲ್ಲ. ವಾಟ್ ಪ್ರತಿ ಚದರ ಸೆಂ.ಮೀ. ಬೇಕಾದರೆ ಹೆಡ್ ಮೇಲೆ ಬರೆದಿರುವ ವಿಸ್ತೀರ್ಣದಿಂದ ಭಾಗಿಸಬೇಕು. ಆ ವಿಸ್ತೀರ್ಣ ಹೆಡ್‌ನ ಲೋಹದ ಮುಖದ ಅಳತೆ ಅಂತ ಬಹಳ ಜನ ತಿಳಿದಿದ್ದಾರೆ. ಮುಖದಲ್ಲಿ ನಿಜವಾಗಿ ಶಬ್ದ ಹೊರಡುವ ಭಾಗ ಎಷ್ಟೋ ಅಷ್ಟು ಮಾತ್ರ ಅದು, ಸಾಮಾನ್ಯವಾಗಿ ಲೋಹದ ಮುಖಕ್ಕಿಂತ ಕಡಿಮೆ. ಕ್ರಿಸ್ಟಲ್‌ನ ಒಂದು ಬದಿ ಅಂಟು ಬಿಟ್ಟಿದ್ದರೆ ಅದು ಇನ್ನೂ ಕಿರಿದಾಗುತ್ತದೆ. ಆಗ ಒಟ್ಟು ವಾಟ್ ಸ್ವಲ್ಪವೇ ಇಳಿದು, ಉಳಿದ ಕಿರಿದಾದ ಜಾಗದಲ್ಲಿ ಇಂಟೆನ್ಸಿಟಿ ಏರಿರಬಹುದು. ಮೀಟರ್ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳುತ್ತೀರಿ.

ಸರಿ ಇರುವ ಹೆಡ್‌ನಲ್ಲೂ ಶಬ್ದ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅತಿ ಜಾಸ್ತಿ ಇರುವ ಚುಕ್ಕೆಗೂ ಸರಾಸರಿಗೂ ಇರುವ ಅನುಪಾತಕ್ಕೆ ಬಿಎನ್‌ಆರ್ ಅನ್ನುತ್ತಾರೆ, ಹೆಡ್ ಮೇಲೋ ಬುಕ್‌ಲೆಟ್‌ನಲ್ಲೋ ಬರೆದಿರುತ್ತದೆ. 8ರ ಒಳಗೆ ಇರಬೇಕು. ಬಿಎನ್‌ಆರ್ 6 ಇರುವ ಹೆಡ್‌ನಲ್ಲಿ 1.0 ಇಟ್ಟರೆ ಯಾವುದೋ ಒಂದು ಚುಕ್ಕೆಯಲ್ಲಿ 6 ವಾಟ್ ಪ್ರತಿ ಚದರ ಸೆಂ.ಮೀ. ಇರಬಹುದು. ಹೆಡ್ಡನ್ನು ಒಂದೇ ಕಡೆ ಒತ್ತಿ ಹಿಡಿಯಬೇಡಿ, ಆಡಿಸುತ್ತಲೇ ಇರಿ ಅಂತ ಕಾಲೇಜಿನಲ್ಲಿ ಕಲಿಸುವುದು ಇದಕ್ಕೇ. ಹೊಸ ಮಷೀನ್ ಕೊಳ್ಳುವಾಗ ಬಣ್ಣದ ಟಚ್ ಸ್ಕ್ರೀನ್ ನೋಡುವ ಮುಂಚೆ ಈ ಅಂಕಿ ಕೇಳಿ. ಕಡಿಮೆ ಇದ್ದಷ್ಟೂ ಒಳ್ಳೆಯದು.

ಈ ಚುಕ್ಕೆಗಳನ್ನು ಅಳೆಯಲು ಬೇಕಾದದ್ದು ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್. ಪಿವಿಡಿಎಫ್ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆಯಿಂದ ಮಾಡಿರುತ್ತಾರೆ, ಒತ್ತಡ ಬಿದ್ದರೆ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಜಪಾನಿನ ಕವಾಯಿ 1969ರಲ್ಲಿ ಈ ಗುಣ ಕಂಡುಹಿಡಿದ ಮೇಲೆ ಈ ಕ್ಷೇತ್ರದ ದಾರಿಯೇ ಬದಲಾಯಿತು. ಸೂಜಿಯಂಥ ಹೈಡ್ರೋಫೋನ್‌ನ ತುದಿ ಅರ್ಧ ಮಿಲಿಮೀಟರೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ದೊಡ್ಡ ನೀರಿನ ತೊಟ್ಟಿಯಲ್ಲಿ ಅದನ್ನು ಮೋಟರ್‌ನಿಂದ ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತಾ ಒಂದೊಂದು ಬಿಂದುವಿನ ಒತ್ತಡ ಬರೆದುಕೊಂಡು, ಅದರಿಂದ ಇಂಟೆನ್ಸಿಟಿಯ ನಕ್ಷೆ ತೆಗೆಯುತ್ತಾರೆ. ನೀರಲ್ಲಿ 1 ವಾಟ್ ಪ್ರತಿ ಚದರ ಸೆಂ.ಮೀ. ಅಂದರೆ ಒತ್ತಡದ ಏರಿಳಿತ ಸುಮಾರು 0.17 ಮೆಗಾಪಾಸ್ಕಲ್, ವಾತಾವರಣದ ಒತ್ತಡಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ. ಅದೂ ಸೆಕೆಂಡಿಗೆ ಹತ್ತು ಲಕ್ಷ ಸಲ. ಬ್ರಿಟನ್ನಿನ ಪ್ರಿಸಿಷನ್ ಅಕೌಸ್ಟಿಕ್ಸ್, ಅಮೆರಿಕದ ಓಂಡಾ ಕಂಪನಿಗಳು ಈ ಹೈಡ್ರೋಫೋನ್‌ಗಳಿಗೆ ಹೆಸರುವಾಸಿ. ಆದರೆ ತೊಟ್ಟಿ, ಮೋಟರ್, ಆಸಿಲೋಸ್ಕೋಪ್, ಕ್ಯಾಲಿಬ್ರೇಷನ್ ಎಲ್ಲ ಸೇರಿ ಇದು ಆಸ್ಪತ್ರೆಯವರು ಇಟ್ಟುಕೊಳ್ಳುವ ಸಾಮಾನಲ್ಲ, ಲ್ಯಾಬ್‌ನವರ ಕೆಲಸ. ನಮಗೆ ಪವರ್ ಮೀಟರ್ ಸಾಕು, ಅದರ ಮಿತಿ ಗೊತ್ತಿದ್ದರೆ ಆಯಿತು.

ಶಬ್ದದ ಹರವನ್ನು ಬೆಳಕಿನಿಂದ ನೋಡುವ ದಾರಿಯೂ ಇದೆ. ನೀರಲ್ಲಿ ಅಲ್ಟ್ರಾಸೌಂಡ್ ಹಾದುಹೋಗುವಾಗ ಅದನ್ನು ಅಡ್ಡ ಹಾಯುವ ಬೆಳಕು ಗೆರೆಗೆರೆಯಾಗಿ ಒಡೆಯುತ್ತದೆ. ಅದು ಯಾಕೆ, ಎಷ್ಟು ಅನ್ನುವ ಸಿದ್ಧಾಂತ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಸಿ.ವಿ. ರಾಮನ್ ಮತ್ತು ನಾಗೇಂದ್ರ ನಾಥ್ 1935-36ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಕೂತು ಬರೆದ ಲೇಖನಗಳವು. ಇವತ್ತಿಗೂ ಪ್ರಪಂಚದಲ್ಲೆಲ್ಲ ರಾಮನ್-ನಾಥ್ ಹೆಸರಲ್ಲೇ ಓದುತ್ತಾರೆ. ಊರವರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಆ ಸಂಸ್ಥೆಯ ಮುಂದೆ ಬಸ್ಸಲ್ಲಿ ಹೋಗುವಾಗೆಲ್ಲ ನನಗೆ ಇದು ನೆನಪಾಗುತ್ತದೆ, ಹೆಮ್ಮೆ ಆಗುತ್ತದೆ.

ಮೀಟರ್ ಬಂದಿದೆ ಅಂತ ಗೊತ್ತಾದ ಮೇಲೆ ನಮ್ಮ ನರ್ಸ್ ಒಬ್ಬರು ಕೇಳಿದರು, ಗರ್ಭಿಣಿಯರ ಸ್ಕ್ಯಾನಿಂಗ್ ಮಷೀನನ್ನೂ ಇದರಲ್ಲಿ ಅಳೆಯಬಹುದಾ ಅಣ್ಣ ಅಂತ. ನಮ್ಮ ಮೀಟರ್‌ನಲ್ಲಿ ಆಗುವುದಿಲ್ಲ. ಸ್ಕ್ಯಾನಿಂಗ್‌ನ ಒಟ್ಟು ಪವರ್ ಎಷ್ಟೋ ಸಲ ವಾಟ್‌ನ ಹತ್ತನೇ ಒಂದು ಭಾಗದ ಆಸುಪಾಸು, ಅಂದರೆ ತೂಕದಲ್ಲಿ 7 ಮಿಲಿಗ್ರಾಂ. ಮಿಲಿವಾಟ್ ಹಿಡಿಯುವ ಮೀಟರ್‌ಗಳು ಬೇರೆ ಇವೆ. ಅದಕ್ಕಿಂತ ಮುಖ್ಯ ವಿಷಯ, ಸ್ಕ್ಯಾನಿಂಗ್‌ನಲ್ಲಿ ಸರಾಸರಿ ಕಡಿಮೆ ಇದ್ದರೂ ಒಂದೊಂದು ಪಲ್ಸ್‌ನ ಒತ್ತಡ ಥೆರಪಿಗಿಂತ ಎಷ್ಟೋ ಜಾಸ್ತಿ. ಅದನ್ನು ಹೇಳಲು ಹೈಡ್ರೋಫೋನೇ ಬೇಕು. ಆಸ್ಪತ್ರೆಯಲ್ಲಿ ಕೂತ ನಮಗೆ ಸಿಗುವುದು ಸ್ಕ್ರೀನ್ ಮೂಲೆಯ ಎಂಐ ಮತ್ತು ಟಿಐ ಅಂಕಿಗಳು. ಎಂಐ ಗುಳ್ಳೆ ಹುಟ್ಟುವ ಅಪಾಯದ ಸೂಚಕ, ಟಿಐ ಬಿಸಿಯಾಗುವುದರ ಸೂಚಕ. ಎಫ್‌ಡಿಎ ಲೆಕ್ಕದಲ್ಲಿ ಎಂಐ 1.9 ದಾಟಬಾರದು, ಇಂಟೆನ್ಸಿಟಿ ಚದರ ಸೆಂ.ಮೀ.ಗೆ 720 ಮಿಲಿವಾಟ್ ದಾಟಬಾರದು. ಕಣ್ಣಿನ ಸ್ಕ್ಯಾನ್‌ಗೆ ಮಿತಿ ಬಹಳ ಕಡಿಮೆ, 50 ಮಿಲಿವಾಟ್ ಮತ್ತು ಎಂಐ 0.23. ಭ್ರೂಣದ ಸ್ಕ್ಯಾನ್‌ಗೆ ಹಿಂದೆ 94 ಮಿಲಿವಾಟ್ ಮಿತಿ ಇತ್ತು. ತೊಂಬತ್ತರ ದಶಕದಲ್ಲಿ ಸ್ಕ್ರೀನ್ ಮೇಲೆ ಈ ಅಂಕಿ ತೋರಿಸುವ ಮಷೀನ್‌ಗಳಿಗೆ 720ರವರೆಗೆ ಬಿಟ್ಟರು, ನೋಡಿಕೊಂಡು ಬಳಸುವ ಜವಾಬ್ದಾರಿ ಸ್ಕ್ಯಾನ್ ಮಾಡುವವರ ಮೇಲೆ ಬಂತು. ಬ್ರಿಟನ್ನಿನ ಬಿಎಂಯುಎಸ್ ಸಂಸ್ಥೆ ಗರ್ಭಿಣಿಯರ ಸ್ಕ್ಯಾನ್‌ನಲ್ಲಿ ಟಿಐ 0.7 ದಾಟಿದರೆ ಸಮಯಕ್ಕೆ ಮಿತಿ ಇಡಿ, 3 ದಾಟಿದರೆ ಸ್ಕ್ಯಾನೇ ಬೇಡ ಅನ್ನುತ್ತದೆ. ಸ್ಕ್ಯಾನ್ ರೂಮಿನಲ್ಲಿ ಕೆಲಸ ಮಾಡುವವರು ದಯವಿಟ್ಟು ಆ ಮೂಲೆಯ ಅಂಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ, ರಕ್ತದ ಹರಿವು ನೋಡುವ ಡಾಪ್ಲರ್ ಒತ್ತಿದಾಗಂತೂ ಖಂಡಿತ.

ಈಗ ಮಾರಿದವರ ಮೇಲಿನ ಬೇಸರ. ಮೀಟರ್ ಜೊತೆ ಚೆಂದದ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಬಂತು. ಸೀಲು, ಸಹಿ ಎಲ್ಲ ಇದೆ. ಓದಿ ನೋಡಿದರೆ ಶಂಕುವಿನ ಮೇಲೆ ತೂಕದ ಬಟ್ಟು ಇಟ್ಟು ಗ್ರಾಂನಲ್ಲಿ ಪರೀಕ್ಷೆ ಮಾಡಿದ್ದಾರೆ, ಅಷ್ಟೇ. ತಕ್ಕಡಿ ಸರಿ ಇದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಶಂಕುವಿನ ಕೋನ ಸರಿ ಇದೆಯಾ, ಗೋಡೆಯ ರಬ್ಬರ್ ಶಬ್ದ ಹೀರುತ್ತಿದೆಯಾ, ದೊಡ್ಡ ಹೆಡ್ ಇಟ್ಟಾಗ ಪೂರ್ತಿ ಶಬ್ದ ಶಂಕುವಿಗೆ ಬೀಳುತ್ತದೆಯಾ, ಇದ್ಯಾವುದೂ ಬಟ್ಟಿನಿಂದ ಗೊತ್ತಾಗುವುದಿಲ್ಲ. ಗೊತ್ತಿರುವ ವಾಟ್ ಕೊಡುವ ಅಲ್ಟ್ರಾಸೌಂಡ್ ಮೂಲದ ಎದುರು ಹಿಡಿದು ನೋಡಬೇಕು. ದೆಹಲಿಯ ಸಿಎಸ್‌ಐಆರ್-ಎನ್‌ಪಿಎಲ್‌ನಲ್ಲಿ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಅಲ್ಟ್ರಾಸೌಂಡ್ ಪವರ್‌ನ ರಾಷ್ಟ್ರೀಯ ಅಳತೆ ವ್ಯವಸ್ಥೆ ಇದೆ, ಕ್ಯಾಲಿಬ್ರೇಷನ್‌ಗೆ ಅಲ್ಲಿಗೆ ಕೊಂಡಿ ಇರಬೇಕು. ಇದನ್ನು ಕೇಳಿದಾಗ ಮಾರಿದವರು ಫೋನ್‌ನಲ್ಲಿ ನಮಗೆ ಕೊಟ್ಟ ಉತ್ತರ, ಆಡಿಟ್‌ಗೆ ಇಷ್ಟು ಸಾಕು ಸರ್ ಅಂತ. ಆಡಿಟ್‌ಗೆ ಅಂತ ನಾವು ಕೊಂಡಿದ್ದಲ್ಲ. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಮಾನ್ಯತೆ ಇದೆ ಅಂತ ಯಾರಾದರೂ ಹೇಳಿದರೆ ಅವರ ಸ್ಕೋಪ್ ಪಟ್ಟಿ (ಯಾವ ಯಾವ ಅಳತೆಗೆ ಮಾನ್ಯತೆ ಅನ್ನುವ ಪಟ್ಟಿ) ತರಿಸಿ ಅದರಲ್ಲಿ ಅಲ್ಟ್ರಾಸೌಂಡ್ ಪವರ್ ಇದೆಯಾ ಅಂತ ನೋಡಿ. ತೂಕಕ್ಕೆ ಮಾನ್ಯತೆ ಇದ್ದು ಇದಕ್ಕೆ ಇಲ್ಲದೆ ಇರಬಹುದು.

ಬೆಲೆ ವಿಷಯ: ಸಾಧಾರಣ ಥೆರಪಿ ಮಷೀನ್‌ಗಿಂತ ಹಲವು ಪಟ್ಟು. ಮ್ಯಾನೇಜ್‌ಮೆಂಟ್ ಒಪ್ಪಿಸುವುದು ಕಷ್ಟ. ನಾನು ಒಪ್ಪಿಸಿದ್ದು ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ಬಿಲ್ ತೋರಿಸಿ. ವರ್ಷಾ ವರ್ಷ ದುಡ್ಡು ಕೊಟ್ಟು ಅಂಟಿಸಿಕೊಳ್ಳುತ್ತಿದ್ದ ಸ್ಟಿಕರ್ ಹಿಂದೆ ಒಂದೇ ಒಂದು ವಾಟ್ ರೀಡಿಂಗ್ ಇರಲಿಲ್ಲ.

ಈಗ ನಮ್ಮಲ್ಲಿ ಪ್ರತಿ ಮಷೀನ್‌ಗೆ ಒಂದು ಪುಟ. ಎರಡು ಫ್ರೀಕ್ವೆನ್ಸಿ, ಕಂಟಿನ್ಯೂಯಸ್‌ನಲ್ಲಿ 0.5, 1.0, 1.5, 2.0, ಪಲ್ಸ್‌ನಲ್ಲಿ ಒಂದು ರೀಡಿಂಗ್, ಟೈಮರ್ ಸರಿ ಇದೆಯಾ, ಕೇಬಲ್ ಬುಡ ಬಾಗಿಸಿದಾಗ ಅಂಕಿ ಹಾರುತ್ತದೆಯಾ. ಹೆಡ್ ನಂಬರ್ ಮತ್ತು ಮಷೀನ್ ನಂಬರ್ ಜೋಡಿಯಾಗಿ ಬರೆಯುತ್ತೇವೆ, ಒಂದರ ಹೆಡ್ ಇನ್ನೊಂದಕ್ಕೆ ಹೋದರೆ ಮತ್ತೆ ಅಳೆಯದೆ ಬಳಸುವಂತಿಲ್ಲ. ಫಿಸಿಯೋದವರು ದಿನಾ ಬೆಳಿಗ್ಗೆ ಹನಿ ಪರೀಕ್ಷೆ ಮಾಡುತ್ತಾರೆ, ಅದು ಇರಲಿ, ಒಳ್ಳೆಯದೇ. 2.8 ತೋರಿಸಿದ ಹಳೇ ಮಷೀನ್‌ಗೆ ಹೊಸ ಹೆಡ್ ಹಾಕಿಸಿದ ಮೇಲೆ 4.7 ಬಂತು, ಸೇವೆಗೆ ಮರಳಿತು. 6.9ರದ್ದನ್ನು ಕಂಪನಿಗೆ ಕಳಿಸಿ ಒಳಗೆ ಹೊಂದಿಸಿ ತರಿಸಿದೆವು.

ಕೊಳ್ಳುವವರಿಗೆ ಕೊನೆಯದಾಗಿ. ಆರ್ಡರ್ ಹಾಕುವ ಮುಂಚೆ ನಿಮ್ಮಲ್ಲಿರುವ ಅತಿ ದೊಡ್ಡ ಹೆಡ್ ಕ್ಲ್ಯಾಂಪ್‌ಗೆ ಕೂರುತ್ತದೆಯಾ ನೋಡಿ, ಬಿಡಿ ಶಂಕು ಮತ್ತು ರಬ್ಬರ್ ಪದರ ಇಲ್ಲೇ ಸಿಗುತ್ತದಾ ಕೇಳಿ, ಅಲ್ಟ್ರಾಸೌಂಡ್ ಮೂಲದಿಂದಲೇ ಮಾಡಿದ ಕ್ಯಾಲಿಬ್ರೇಷನ್ ಕೊಡಬೇಕು ಅಂತ ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿ. ಡೆಮೊ ನಿಮ್ಮ ಆಸ್ಪತ್ರೆಯಲ್ಲೇ, ನಿಮ್ಮ ಮಷೀನ್ ಮೇಲೆಯೇ ಆಗಲಿ. ಡೆಮೊಗೆ ಬಂದವರು ನೀರು ಎಲ್ಲಿಂದ ತರುತ್ತಾರೆ ಅಂತ ಗಮನಿಸಿ. ಕೂಲರ್ ಹತ್ತಿರ ಹೋಗಿ ಜಗ್ ತುಂಬಿಸಿಕೊಂಡು ಬಂದರೆ ಬೇರೆ ಡೀಲರ್ ಹುಡುಕಿ.